ಕಟಕಟ ಸದ್ದಿಗೆ ಎಂಜಿನ್ ಇಳಿಸುವ ಮುನ್ನ

ಬಾನೆಟ್ ಒಳಗಿಂದ ಹೊಸ ಸದ್ದೊಂದು ಶುರುವಾಗಿದೆ ಎಂದು ಗ್ಯಾರೇಜಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ, ‘ಎಂಥಾ ಸೌಂಡು ಸಾರ್?’ ನಾವೂ ತೋಚಿದ ಹಾಗೆ ಕಟಕಟ, ಲೊಡಲೊಡ, ಗರಗರ ಎಂದು ಬಾಯಲ್ಲೇ ಮಾಡಿ ತೋರಿಸುತ್ತೇವೆ. ಐದು ನಿಮಿಷದಲ್ಲಿ ತೀರ್ಪು ಹೊರಬೀಳುತ್ತದೆ: ‘ಚೈನ್ ಹೋಗಿದೆ, ಎಂಜಿನ್ ಇಳಿಸಬೇಕು.’ ಎಸ್ಟಿಮೇಟ್ ಹಾಳೆಯಲ್ಲಿ ಐದಂಕಿ ಮೊತ್ತ. ಆ ತೀರ್ಪು ನಿಜವೇ ಇರಬಹುದು. ಆದರೆ ಅದೇ ಕಟಕಟ ಬೋಲ್ಟ್ ಸಡಿಲವಾದ ತಗಡಿನದೂ ಆಗಿರಬಹುದು, ಅಗ್ಗದ ಆಯಿಲ್ ಫಿಲ್ಟರಿನದೂ ಆಗಿರಬಹುದು. ಸದ್ದು ಎಂಥದ್ದು ಎಂಬುದೊಂದರಿಂದಲೇ ಇವನ್ನು ಬೇರ್ಪಡಿಸುವುದು ನುರಿತ ಕಿವಿಗೂ ಕಷ್ಟ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಗಮನಿಸಿ ಬೇರ್ಪಡಿಸುವುದು ಕಾರಿನ ಮಾಲೀಕರಿಗೂ ಸಾಧ್ಯ. ಮೆಕ್ಯಾನಿಕ್ ನಿಮ್ಮ ಕಾರನ್ನು ಹತ್ತು ನಿಮಿಷ ಕೇಳುತ್ತಾನೆ, ನೀವು ದಿನಾ ಕೇಳುತ್ತೀರಿ.

ಒಂದೇ ಒಂದು ಸಂದರ್ಭದಲ್ಲಿ ಈ ಪತ್ತೇದಾರಿಕೆಗೆಲ್ಲ ರಜೆ. ಸದ್ದಿನ ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಕ್ಯಾನಿನ ಚಿತ್ರವಿರುವ ಕೆಂಪು ದೀಪವೂ ಹತ್ತಿಕೊಂಡರೆ ಕಾರನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಬೇಕು, ಅಷ್ಟೇ. ‘ಗ್ಯಾರೇಜು ಇಲ್ಲೇ ಇದೆ, ನಿಧಾನಕ್ಕೆ ಹೋದರಾಯಿತು’ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ಕ್ರ್ಯಾಂಕ್ ಶಾಫ್ಟಿಗೂ ಅದರ ಬೇರಿಂಗಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಮೂರೋ ನಾಲ್ಕೋ ಪಾಲು. ಒತ್ತಡದಲ್ಲಿ ಆ ಸಂದಿಗೆ ಹರಿದುಬರುವ ಆಯಿಲ್ ಪದರದ ಮೇಲೆ ಶಾಫ್ಟ್ ತೇಲುತ್ತಾ ತಿರುಗುತ್ತದೆ. ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜಿ, ನಿಮಿಷಗಳಲ್ಲೇ ಬೇರಿಂಗ್ ಹಾಳಾಗುತ್ತದೆ. ಕಾರನ್ನು ಎತ್ತಿಕೊಂಡು ಹೋಗುವ ಗಾಡಿಯ ಬಾಡಿಗೆ ಅದರ ಮುಂದೆ ಚಿಲ್ಲರೆ ಕಾಸು. ಇದರ ಮಗ್ಗುಲಲ್ಲೇ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಹೆಚ್ಚಿನ ಕಾರುಗಳಲ್ಲಿ ಆ ದೀಪ ಹತ್ತುವುದು ಒತ್ತಡ ಅರ್ಧ ಬಾರ್‌ಗಿಂತಲೂ ಕೆಳಗೆ ಕುಸಿದ ಮೇಲೆ. ಹಾಗಾಗಿ ದೀಪ ಹತ್ತಿಲ್ಲ ಎಂದ ಮಾತ್ರಕ್ಕೆ ಆಯಿಲ್ ಒತ್ತಡ ಸರಿಯಿದೆ ಎಂದೇನೂ ಅರ್ಥವಲ್ಲ.

ದೀಪ ಹತ್ತಿಲ್ಲ ಎಂದುಕೊಳ್ಳೋಣ. ಮೊದಲ ಪರೀಕ್ಷೆಗೆ ಬೇಕಾದ ಸಾಮಗ್ರಿ ಒಂದು ಹಳೇ ಬಟ್ಟೆ ಚೂರು ಮಾತ್ರ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಒರೆಸಿ, ಮತ್ತೆ ಪೂರ್ತಿ ತೂರಿಸಿ, ಎಳೆದು ನೋಡಿ. ನಮ್ಮ ಸಣ್ಣ ಕಾರುಗಳ ಎಂಜಿನ್ ಹಿಡಿಯುವುದು ಸುಮಾರು 3ರಿಂದ 4 ಲೀಟರ್ ಆಯಿಲ್. ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದು ಲೀಟರಿನ ಆಸುಪಾಸು. ಅಂದರೆ ಕೆಳಗಿನ ಗುರುತಿಗೆ ಇಳಿದಾಗಲೇ ಕಾಲು ಭಾಗ ಖಾಲಿ. ಆಮೇಲೂ ಇಳಿದರೆ ತಿರುವುಗಳಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ, ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಹೀರುತ್ತದೆ. ಸರ್ವಿಸಿಗೆ ಹಾಕಿ ಐದಾರು ತಿಂಗಳಷ್ಟೇ ಆಯಿತು ಎಂಬ ಸಮಾಧಾನ ಬೇಡ. ಹೊಗೆ ಕಾಣಿಸದೆಯೂ ಕೆಲವು ಎಂಜಿನ್‌ಗಳು ಎರಡು ಸರ್ವಿಸ್‌ಗಳ ನಡುವೆ ಒಂದು ಲೀಟರ್ ಕುಡಿದುಬಿಡುತ್ತವೆ. ಆಯಿಲ್ ಸುರಿದ ಮೇಲೆ ಸದ್ದು ನಿಂತರೆ ಅರ್ಧ ಕೆಲಸ ಮುಗಿದಂತೆ. ಎಲ್ಲಿ ಸೋರುತ್ತಿದೆ, ಎಲ್ಲಿ ಉರಿದುಹೋಗುತ್ತಿದೆ ಎಂದು ಹುಡುಕುವುದು ಉಳಿದರ್ಧ.

ಆಯಿಲ್ ಎಷ್ಟಿದೆ ಎಂಬುದರ ಜೊತೆಗೆ ಯಾವುದು ಎಂಬುದನ್ನೂ ಬಿಲ್ಲಿನಲ್ಲಿ ನೋಡಿ. ಮ್ಯಾನುಯಲ್‌ನಲ್ಲಿ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಎಂದಿರುವ ಎಂಜಿನ್ನಿಗೆ ‘ನಮ್ಮ ಬಿಸಿಲಿಗೆ ದಪ್ಪ ಆಯಿಲ್ಲೇ ಒಳ್ಳೇದು’ ಎಂದು 20ಡಬ್ಲ್ಯೂ-50 ತುಂಬುವ ಅಭ್ಯಾಸ ಇನ್ನೂ ಹೋಗಿಲ್ಲ. ದಪ್ಪ ಆಯಿಲ್ ಸವೆದ ಬೇರಿಂಗಿನ ಸದ್ದನ್ನು ಮರೆಮಾಚುತ್ತದೆ. ಜೊತೆಗೆ ಬೆಳಗಿನ ಚಳಿಯಲ್ಲಿ ಎಂಜಿನ್ನಿನ ಮೇಲ್ತುದಿಗೆ ಏರುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಬೆಳಗಿನ ಮಾತು ಬಂದಿದ್ದರಿಂದ ಅಲ್ಲಿಂದಲೇ ಮುಂದುವರಿಯೋಣ. ಅತಿ ಹೆಚ್ಚು ದುಡ್ಡು ಪೋಲಾಗುವುದು ಈ ಬೆಳಗಿನ ಸದ್ದಿಗೇ. ರಾತ್ರಿಯಿಡೀ ನಿಂತ ಕಾರನ್ನು ಸ್ಟಾರ್ಟ್ ಮಾಡುವ ಮುನ್ನ ಬಾನೆಟ್ ಎತ್ತಿ, ವೈಪರಿನ ಬುಡದ ಹತ್ತಿರ ಮೊಬೈಲ್ ಇಟ್ಟು ವಿಡಿಯೊ ಶುರು ಮಾಡಿ. ಆಮೇಲೆ ಒಳಗೆ ಕೂತು ಕೀ ತಿರುಗಿಸಿ, ಆಕ್ಸಿಲರೇಟರ್ ಮುಟ್ಟಬೇಡಿ. ನಂತರ ವಿಡಿಯೊ ನೋಡುತ್ತಾ ಸದ್ದು ಎಷ್ಟು ಸೆಕೆಂಡ್ ಇತ್ತು ಎಂದು ಎಣಿಸಿ. ಒಂದೆರಡು ಸೆಕೆಂಡ್ ಕರ್ರ್ ಎಂದು ನಿಂತುಹೋದರೆ ಒಂದು ಕಥೆ, ಐದಾರು ನಿಮಿಷ ಟಕಟಕ ಎನ್ನುತ್ತಾ ಮೆಲ್ಲಗೆ ಕರಗಿದರೆ ಇನ್ನೊಂದು, ಎಂಜಿನ್ ಬಿಸಿಯಾದಷ್ಟೂ ಜೋರಾದರೆ ಬೇರೆಯೇ.

ಒಂದೆರಡು ಸೆಕೆಂಡಿನ ಸದ್ದು ಬಹುಪಾಲು ಆಯಿಲ್ ತಡವಾಗಿ ತಲುಪಿದ್ದರ ಗುರುತು. ಕ್ರ್ಯಾಂಕ್ ಶಾಫ್ಟಿನಿಂದ ಮೇಲಿನ ಕ್ಯಾಮ್ ಶಾಫ್ಟಿಗೆ ತಿರುಗುಬಲ ಒಯ್ಯುವುದು ಟೈಮಿಂಗ್ ಚೈನ್. ಸೈಕಲ್ ಚೈನು ಜೋತುಬಿದ್ದರೆ ಹೇಗೆ ಕವರಿಗೆ ಬಡಿಯುತ್ತದೋ ಇದೂ ಹಾಗೆಯೇ. ಜೋತುಬೀಳದಂತೆ ಅದನ್ನು ಒತ್ತಿ ಹಿಡಿಯುವ ಟೆನ್ಷನರ್ ಎಂಬ ಸಣ್ಣ ಪಿಸ್ಟನ್ ಇದೆ. ಹೆಚ್ಚಿನ ಎಂಜಿನ್‌ಗಳಲ್ಲಿ ಅದು ಗಟ್ಟಿಯಾಗಿ ಒತ್ತುವುದು ಆಯಿಲ್ ಒತ್ತಡದಿಂದ. ಎಂಜಿನ್ ನಿಂತಾಗ ಒತ್ತಡವಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಟೆನ್ಷನರಿನೊಳಗಿನ ಆಯಿಲ್ ಸೋರಿ ಸಂಪಿಗೆ ಇಳಿದಿದ್ದರೆ, ಬೆಳಿಗ್ಗೆ ಪಂಪು ಮತ್ತೆ ಅಲ್ಲಿಗೆ ಆಯಿಲ್ ಮುಟ್ಟಿಸುವ ತನಕ ಚೈನು ತನ್ನ ದಾರಿ ಕಾಯುವ ಗೈಡಿಗೆ ಬಡಿದುಕೊಳ್ಳುತ್ತದೆ.

ಟೆನ್ಷನರ್ ಸವೆದಿದ್ದರೂ ಹೀಗಾಗುತ್ತದೆ, ಚೈನು ಉದ್ದವಾಗಿದ್ದರೂ ಹೀಗಾಗುತ್ತದೆ. ಆದರೆ ಮೂರನೆಯ ಕಾರಣವೊಂದಿದೆ, ಎಸ್ಟಿಮೇಟಿನಲ್ಲಿ ಅದು ಕಾಣಿಸಿಕೊಳ್ಳುವುದು ಅಪರೂಪ. ಡಬ್ಬಿಯಾಕಾರದ ಆಯಿಲ್ ಫಿಲ್ಟರಿನ ಬಾಯಿಗೆ ಒಳಗಿನಿಂದ ಒಂದು ರಬ್ಬರ್ ಬಿಲ್ಲೆ ಇರುತ್ತದೆ. ಎಂಜಿನ್ ನಿಂತ ಮೇಲೆ ಫಿಲ್ಟರಿನ ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವುದೇ ಅದರ ಕೆಲಸ. ಫಿಲ್ಟರನ್ನು ಅಡ್ಡವಾಗಿಯೋ ತಲೆಕೆಳಗಾಗಿಯೋ ಕೂರಿಸಿರುವ ಎಂಜಿನ್‌ಗಳಿಗಂತೂ ಅದು ಬೇಕೇ ಬೇಕು. ಕಳಪೆ ಫಿಲ್ಟರುಗಳಲ್ಲಿ ಆ ರಬ್ಬರ್ ಕೆಲವೇ ತಿಂಗಳಲ್ಲಿ ಬಿಸಿಗೆ ಗಟ್ಟಿಯಾಗಿ ತಡೆಯುವುದನ್ನು ಬಿಡುತ್ತದೆ, ನಕಲಿ ಮಾಲಿನಲ್ಲಿ ಮೊದಲ ದಿನದಿಂದಲೂ ಸರಿಯಾಗಿ ಕೂತಿರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ಕಾರಿನ ಫಿಲ್ಟರು ಹಲವು ಬೆಲೆಗೆ ಸಿಗುತ್ತದೆ, ಡಬ್ಬಿಯ ಹೊರಗೆ ನಿಂತು ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದ್ದರಿಂದ ಬೆಳಗಿನ ಸದ್ದಿಗೆ ಮೊದಲ ಚಿಕಿತ್ಸೆ, ಕಂಪನಿಯ ಅಸಲಿ ಫಿಲ್ಟರು ಮತ್ತು ಮ್ಯಾನುಯಲ್ ಹೇಳಿದ ಆಯಿಲ್. ಹೇಗಿದ್ದರೂ ಎಂದಾದರೊಮ್ಮೆ ಮಾಡಿಸಲೇಬೇಕಾದ ಖರ್ಚು ಅದು. ಆಮೇಲೆ ಒಂದು ವಾರ ಬೆಳಗಿನ ವಿಡಿಯೊ ಮಾಡಿ ಹಳೆಯದರೊಂದಿಗೆ ಹೋಲಿಸಿ.

ಸದ್ದು ಹಾಗೆಯೇ ಇದ್ದರೆ ಚೈನಿನ ಕಡೆ ಹೊರಳಬಹುದು. ಅದಕ್ಕೂ ಮುಂಚೆ, ನಿಮ್ಮ ಎಂಜಿನ್ನಿಗೆ ಚೈನ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಹಳೆಯ ಮಾರುತಿ 800ರಲ್ಲಿ ಇದ್ದದ್ದು ರಬ್ಬರ್ ಬೆಲ್ಟ್. ಮಾರುತಿಯ ಕೆ-ಸೀರೀಸ್ ಪೆಟ್ರೋಲ್ ಎಂಜಿನ್‌ಗಳಲ್ಲಿ ಇರುವುದು ಚೈನ್. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಪುಂಟೊ ಎಂದು ಹಲವು ಹೆಸರಿನ ಕಾರುಗಳಲ್ಲಿ ಓಡಿದ ಫಿಯೆಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲೂ ಚೈನೇ. ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದ್ದು 2020ರ ಏಪ್ರಿಲಿನಲ್ಲಿ, ಹಾಗಾಗಿ ಈಗ ರಸ್ತೆಯಲ್ಲಿರುವ ಅದರ ಆ ಎಂಜಿನ್‌ಗಳೆಲ್ಲ ಸಾಕಷ್ಟು ದುಡಿದವು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದೆ ಓಡಿಸಿದ್ದರೆ ಅವುಗಳಲ್ಲಿ ಚೈನ್ ಸದ್ದು ಕೇಳಿಬಂದಾಗ ಯಾವ ಮೆಕ್ಯಾನಿಕ್‌ಗೂ ಅಚ್ಚರಿಯಾಗುವುದಿಲ್ಲ.

ಚೈನು ‘ಎಳೆದುಕೊಂಡಿದೆ’ ಎನ್ನುತ್ತಾರಲ್ಲ, ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ. ಪ್ರತಿ ಕೊಂಡಿಯ ಪಿನ್ನೂ ಅದು ಕೂರುವ ತೂತೂ ಚೂರುಚೂರೇ ಸವೆಯುತ್ತವೆ. ಒಂದು ಕೊಂಡಿಯಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲು ಸವೆದರೂ 150 ಕೊಂಡಿಗಳಿಗೆ ಒಂದೂವರೆ ಮಿಲಿಮೀಟರ್ ಆಯಿತು. ಅಷ್ಟಾದರೆ ಕ್ಯಾಮ್ ಶಾಫ್ಟ್ ತನ್ನ ಜಾಗದಿಂದ ತುಸು ಹಿಂದೆ ಬೀಳುತ್ತದೆ, ಕಾರಿನ ಕಂಪ್ಯೂಟರಿಗೆ ಅದು ಗೊತ್ತಾಗುತ್ತದೆ. ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದಾಗ ಪಿ0016 ಎಂಬ ಕೋಡ್ ಕಾಣಿಸಿದರೆ ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ತಪ್ಪಿದಂತೆ ಕಂಪ್ಯೂಟರಿಗೆ ಕಂಡಿದೆ ಎಂದು ಅರ್ಥ. ಸೆನ್ಸರ್ ಅಥವಾ ವೈರಿಂಗ್ ತೊಂದರೆಯಿಂದಲೂ ಅದು ಬರಬಹುದು, ಆದರೆ ಬೆಳಗಿನ ಸದ್ದಿನ ಜೊತೆಗೂಡಿ ಬಂದರೆ ಚೈನಿನ ಮೇಲಿನ ಗುಮಾನಿ ಗಟ್ಟಿಯಾಗುತ್ತದೆ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಸಾಧಾರಣ ಸ್ಕ್ಯಾನರಿಗೆ ಈಗ ಸಾವಿರ ರೂಪಾಯಿಯ ಆಸುಪಾಸು. ಕೋಡ್ ಇಲ್ಲದಿದ್ದರೂ ಅನುಮಾನ ಉಳಿದಿದ್ದರೆ, ಅನೇಕ ಎಂಜಿನ್‌ಗಳಲ್ಲಿ ಮೇಲಿನ ವಾಲ್ವ್ ಕವರ್ ತೆಗೆದು ಚೈನ್ ಎಷ್ಟು ಜೋಲುತ್ತಿದೆ ಎಂದು ಕಣ್ಣಾರೆ ನೋಡಬಹುದು. ಅದಕ್ಕೆ ಒಂದು ಗ್ಯಾಸ್ಕೆಟ್ ಮತ್ತು ಅರ್ಧ ದಿನದ ಕೂಲಿ ಸಾಕು. ಚೈನ್ ಜೋಲುತ್ತಿರುವುದು ಖಾತ್ರಿಯಾದರೆ ಮಾತ್ರ ಮುಂದೂಡಬೇಡಿ. ಅದು ಹಲ್ಲು ಜಿಗಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯಬಹುದು.

ಇನ್ನು ಐದಾರು ನಿಮಿಷಕ್ಕೆ ಕರಗುವ ಸದ್ದು. ಇದರಲ್ಲಿ ಇಬ್ಬರು ಆರೋಪಿಗಳು. ಒಬ್ಬ ಪಿಸ್ಟನ್. ಪಿಸ್ಟನ್ ಅಲ್ಯುಮಿನಿಯಮ್ಮಿನದು, ಅದು ಓಡಾಡುವ ಬೋರ್ ಸಾಮಾನ್ಯವಾಗಿ ಕಬ್ಬಿಣದ್ದು. ಬಿಸಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. ತಣ್ಣಗಿದ್ದಾಗ ಸಂದು ಹೆಚ್ಚಿದ್ದು ಪಿಸ್ಟನ್ ಬೋರಿನ ಗೋಡೆಗೆ ತಟ್ಟುತ್ತದೆ, ಬಿಸಿಯಾದಂತೆ ಸಂದು ಮುಚ್ಚಿ ಸುಮ್ಮನಾಗುತ್ತದೆ. ಹೊಗೆ ಇಲ್ಲ, ಆಯಿಲ್ ಇಳಿಯುತ್ತಿಲ್ಲ ಎಂದರೆ ಇಂಥ ಎಂಜಿನ್ ವರ್ಷಗಟ್ಟಲೆ ಓಡುತ್ತದೆ, ಇದೊಂದಕ್ಕಾಗಿ ಬೋರ್ ಮಾಡಿಸುವುದು ನನ್ನ ಮಟ್ಟಿಗೆ ದುಂದು. ಇನ್ನೊಬ್ಬ ಸೈಲೆನ್ಸರ್ ಪೈಪು ಎಂಜಿನ್ನಿಗೆ ಸೇರುವಲ್ಲಿನ ಗ್ಯಾಸ್ಕೆಟ್. ಅಲ್ಲಿ ಬಿರುಕಿದ್ದರೆ ಹೊಗೆ ಚಿಟಿಚಿಟಿ ಎಂದು ಹೊರನುಗ್ಗುತ್ತದೆ, ಲೋಹ ಹಿಗ್ಗಿ ಬಿರುಕು ಮುಚ್ಚಿಕೊಂಡಾಗ ನಿಲ್ಲುತ್ತದೆ. ಕೇಳಿದವರು ವಾಲ್ವಿನ ಟ್ಯಾಪೆಟ್ ಎಂದೇ ಆಣೆ ಮಾಡುತ್ತಾರೆ. ಎಂಜಿನ್ ಪೂರ್ತಿ ಆರಿದ ಮೇಲೆ ಟಾರ್ಚ್ ಬಿಟ್ಟು ನೋಡಿ, ಸೋರುವ ಜಾಗದ ಸುತ್ತ ಮಸಿ ಕಟ್ಟಿರುತ್ತದೆ.

ಬಿಸಿಯಾದಂತೆ ಏರುವ ಸದ್ದು ನಿಜಕ್ಕೂ ನಿದ್ದೆಗೆಡಿಸಬೇಕಾದದ್ದು. ಆಯಿಲ್ ಬಿಸಿಯಾದರೆ ತೆಳ್ಳಗಾಗುತ್ತದೆ, ಸವೆದ ಬೇರಿಂಗಿನ ಸಂದನ್ನು ತುಂಬಲಾರದು. ಪೆಟ್ರೋಲ್ ಎಂಜಿನ್ನಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 7 ಸೆಂಟಿಮೀಟರ್ ಅಗಲದ ಪಿಸ್ಟನ್ ಮೇಲೆ ಬೀಳುವ ಒತ್ತಡವನ್ನು ತೂಕದ ಲೆಕ್ಕಕ್ಕೆ ತಂದರೆ ಸುಮಾರು ಎರಡು ಟನ್. ಕನೆಕ್ಟಿಂಗ್ ರಾಡಿನ ಬೇರಿಂಗ್ ಸಡಿಲವಾಗಿದ್ದರೆ ಆ ಎರಡು ಟನ್ ಪ್ರತಿ ಸಲವೂ ಸುತ್ತಿಗೆಯಾಗಿ ಬಡಿಯುತ್ತದೆ: ಡಗ್, ಡಗ್, ಡಗ್. ಸದ್ದು ಎಂಜಿನ್ನಿನ ತಳದಿಂದ ಬರುತ್ತದೆ, ತೆಳು ತಗಡಿನದಲ್ಲ, ಭಾರವಾದದ್ದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ 2500 ಆರ್‌ಪಿಎಂ ತನಕ ರೇಸ್ ಕೊಟ್ಟು ತಟ್ಟನೆ ಕಾಲು ತೆಗೆಸಿ. ಇಳಿಯುವ ಹೊತ್ತಿನಲ್ಲಿ ಲೊಡಲೊಡ ಎಂದು ಸ್ಪಷ್ಟವಾಗಿ ಕೇಳಿದರೆ ರಾಡ್ ಬೇರಿಂಗಿನ ಮೇಲೆ ಸಂಶಯಪಡಿ. ಒಂದೆರಡು ಸಲ ನೋಡಿದ್ದು ಸಾಕು, ಮತ್ತೆ ಮತ್ತೆ ರೇಸ್ ಕೊಟ್ಟು ಎಲ್ಲರಿಗೂ ಕೇಳಿಸುವ ಪ್ರದರ್ಶನ ಬೇಡ.

ಇದರ ಜೊತೆ ಗೊಂದಲವಾಗುವುದು ಘಾಟಿಯಲ್ಲಿ ಕೇಳುವ ಕಿಟಿಕಿಟಿ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವಾಗ ಗೇರ್ ಇಳಿಸದೆ ಎಂಜಿನ್ನನ್ನು ಒದ್ದಾಡಿಸಿದರೆ ಪೆಟ್ರೋಲ್ ಹೊತ್ತಬೇಕಾದ ಹದ ತಪ್ಪಿ ಸಿಡಿಯುತ್ತದೆ. ಗೋಲಿ ಅಲ್ಲಾಡಿಸಿದಂಥ ತೆಳು ಸದ್ದು ಅದು. ಗೇರ್ ಇಳಿಸಿದ ಕ್ಷಣ ನಿಂತರೆ ಬೇರಿಂಗಿಗೆ ಸಂಬಂಧವಿಲ್ಲ. ಮೊದಲು ಬೇರೆ ಬಂಕಿನ ಪೆಟ್ರೋಲ್ ಒಂದು ಟ್ಯಾಂಕ್ ಹಾಕಿ ನೋಡಿ, ಎಂಜಿನ್ ಹೆಚ್ಚು ಬಿಸಿಯಾಗುತ್ತಿದೆಯೇ ನೋಡಿ, ಸ್ಪಾರ್ಕ್ ಪ್ಲಗ್ ಸರಿಯಾದ ನಂಬರಿನದೇ ಎಂದು ನೋಡಿ. ಇಂಗಾಲ ಕಟ್ಟಿರುವುದು, ನಾಕ್ ಸೆನ್ಸರ್ ಕೆಟ್ಟಿರುವುದು ಆಮೇಲಿನ ಮಾತು.

ಎಂಜಿನ್ ನಿರಪರಾಧಿಯಾಗಿದ್ದೂ ಶಿಕ್ಷೆ ಅನುಭವಿಸುವ ಪ್ರಕರಣಗಳು ಇವಕ್ಕಿಂತ ಹೆಚ್ಚು. ಎಸಿ ಆಫ್ ಮಾಡಿದಾಗ ನಿಂತರೆ ಕಂಪ್ರೆಸರ್ ಅಥವಾ ಅದರ ಬ್ರಾಕೆಟ್. ಕ್ಲಚ್ ತುಳಿದಾಗ ನಿಂತರೆ ಗೇರ್‌ಬಾಕ್ಸಿನ ಬೇರಿಂಗ್, ತುಳಿದಾಗಲೇ ಶುರುವಾದರೆ ಕ್ಲಚ್ ರಿಲೀಸ್ ಬೇರಿಂಗ್. ಆಲ್ಟರ್ನೇಟರ್, ಪುಲ್ಲಿಗಳ ಮೇಲೆ ಅನುಮಾನವಿದ್ದರೆ ಫ್ಯಾನ್‌ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಎಂಜಿನ್ ಓಡಿಸಿದರೆ ಉತ್ತರ ಸಿಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಬೇಡ, ಎಷ್ಟೋ ಕಾರುಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ಸಿಗ್ನಲ್‌ನಲ್ಲಿ ನಿಂತಾಗ ಇಡೀ ಡ್ಯಾಶ್‌ಬೋರ್ಡು ನಡುಗಿ ಲಟಲಟ ಅಂದರೆ ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದಿರಬಹುದು. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬರುವ ಇಲಿಗಳು ತಂದಿಟ್ಟ ಅಡಿಕೆ, ಕಾಯಿಚೂರು ಪ್ಲಾಸ್ಟಿಕ್ ಕವರಿನಡಿ ಉರುಳಾಡುವುದೂ ಉಂಟು.

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ, ಉದಾಹರಣೆಗೆ 1800 ಆರ್‌ಪಿಎಂ ಹತ್ತಿರ ಝಣಝಣ ಎಂದು ಅದರ ಹಿಂದೆ ಮುಂದೆ ಇಲ್ಲವೆಂದರೆ, ತಗಡನ್ನೇ ಹಿಡಿಯಿರಿ. ಸೈಲೆನ್ಸರಿನ ಬಿಸಿ ಮೇಲಕ್ಕೆ ತಾಗದಂತೆ ಮುಚ್ಚಿರುವ ಹೀಟ್ ಶೀಲ್ಡ್ ಎಂಬ ತೆಳು ತಗಡು, ಬೋಲ್ಟಿನ ಸುತ್ತ ತುಕ್ಕು ತಿಂದು ಸಡಿಲವಾಗಿರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇದು ಬೇಗ. ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ ಬೆರಳ ಗಿಣ್ಣಿನಿಂದ ತಟ್ಟಿ ನೋಡಿ. ದೊಡ್ಡ ವಾಷರೋ ಒಂದು ಹೋಸ್ ಕ್ಲಿಪ್ಪೋ ಸಾಕು. ಹಂಪು ಹಾರಿದ ಮೇಲೆ ಶುರುವಾದ ಸದ್ದಾದರೆ ಎಂಜಿನ್ ಕೆಳಗಿನ ಗಾರ್ಡ್ ನೋಡಿ. ಸೈಲೆನ್ಸರ್ ಪೈಪನ್ನು ತಟ್ಟಿದಾಗ ಒಳಗಿನಿಂದ ಗಲಗಲ ಎಂದರೆ ಕ್ಯಾಟಲಿಟಿಕ್ ಕನ್ವರ್ಟರಿನ ಜೇನುಗೂಡು ಪುಡಿಯಾಗಿದೆ. ಇದು ದುಬಾರಿ ವಸ್ತು, ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುತ್ತದೆ. ಹಾಗಾಗಿ ಹಳೆಯದಕ್ಕೂ ಗುಜರಿಯಲ್ಲಿ ಒಳ್ಳೆಯ ಬೆಲೆ, ಬಿಟ್ಟು ಬರಬೇಡಿ. ಹೊಸದು ಹಾಕಿಸುವ ಮುನ್ನ ಹಳೆಯದು ಯಾಕೆ ಒಡೆಯಿತು ಎಂಬುದು ಬಗೆಹರಿಯಬೇಕು. ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಪೆಟ್ರೋಲ್ ಹಾಗೇ ಹೋಗಿ ಅಲ್ಲಿ ಹೊತ್ತಿಕೊಂಡಿದ್ದರೆ, ಹೊಸದಕ್ಕೂ ಅದೇ ಗತಿ.

ಸದ್ದೇ ಅಲ್ಲದ ಸದ್ದುಗಳೂ ಇವೆ. ಡೀಸೆಲ್ ಎಂಜಿನ್ನಿನಲ್ಲಿ, ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಹೊಸ ಟರ್ಬೊ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಟಿಕ್‌ಟಿಕ್ ಎನ್ನುವುದು ಸಹಜ. ನಿಮ್ಮದೇ ಮಾಡೆಲ್ಲಿನ, ಅಷ್ಟೇ ಓಡಿದ ಇನ್ನೊಂದು ಕಾರನ್ನು ಪಕ್ಕದಲ್ಲಿ ಸ್ಟಾರ್ಟ್ ಮಾಡಿಸಿ ಕೇಳುವುದು ಖರ್ಚಿಲ್ಲದ ಪರೀಕ್ಷೆ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅಂಥ ಕಾರು ಸಿಗದಿರುವುದು ಕಷ್ಟ. ಟ್ಯಾಪೆಟ್ ವಿಷಯದಲ್ಲಂತೂ ಲೆಕ್ಕ ಉಲ್ಟಾ. ವಾಲ್ವಿಗೆ ಬೇಕಾದ ಸಂದು ಹೆಚ್ಚಾದರೆ ಟಿಕ್‌ಟಿಕ್ ಕೇಳುತ್ತದೆ, ಅಪಾಯ ಕಡಿಮೆ. ಸಂದು ಕಡಿಮೆಯಾದರೆ ಸದ್ದೇ ಇರುವುದಿಲ್ಲ, ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸಿಎನ್‌ಜಿ ಕಾರುಗಳಲ್ಲಿ ವಾಲ್ವ್ ಸೀಟು ಸವೆದು ಹೀಗಾಗುವ ಸಂಭವ ಹೆಚ್ಚು. ಸದ್ದಿಲ್ಲವೆಂದು ಹೊಗಳಿಸಿಕೊಳ್ಳುವ ಟ್ಯಾಕ್ಸಿಗಳೇ ಮೊದಲು ಹೆಡ್ ಬಿಚ್ಚಿಸಿಕೊಳ್ಳುತ್ತವೆ.

ಸದ್ದಿನ ಜಾಗ ಹಿಡಿಯಲು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಎಂಜಿನ್ ಮೈಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡರೆ ಉಳಿದ ಗದ್ದಲವೆಲ್ಲ ಹಿಂದೆ ಸರಿದು, ತುದಿ ಮುಟ್ಟಿದ ಜಾಗವಷ್ಟೇ ಮಾತಾಡುತ್ತದೆ. ವಾಲ್ವ್ ಕವರ್ ಮೇಲೆ, ಚೈನ್ ಕವರಿನ ಬದಿಗೆ, ಆಲ್ಟರ್ನೇಟರಿನ ಮೈಗೆ, ಸಂಪಿನ ಅಂಚಿಗೆ ಹೀಗೆ ಊರುತ್ತಾ ಹೋದರೆ ಎಲ್ಲಿ ಹೆಚ್ಚು ಎಂಬುದು ಮೊದಲ ಸಲಕ್ಕೇ ತಿಳಿಯುತ್ತದೆ. ಪಂಚೆ, ದುಪಟ್ಟಾ, ಬಿಚ್ಚುಗೂದಲು ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲಾರಂಭಿಸುತ್ತದೆ. ಮೊಬೈಲಿನ ರೆಕಾರ್ಡಿಂಗನ್ನು ಅರ್ಧ ವೇಗದಲ್ಲಿ ಕೇಳುವುದೂ ಉಪಯೋಗಕ್ಕೆ ಬರುತ್ತದೆ. 800 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 13 ಸುತ್ತು, ಕ್ಯಾಮ್ ಅದರರ್ಧ. ಸೆಕೆಂಡಿಗೆ ಆರೇಳು ಸಲ ಬಡಿಯುವ ಸದ್ದು ಒಂದೇ ವಾಲ್ವಿನ ಕಡೆಯದು ಎಂದು ಊಹಿಸಬಹುದು.

ರಾಡ್ ಬೇರಿಂಗ್ ಎಂದು ಗ್ಯಾರೇಜಿನವರು ಹೇಳಿದರೆ ಎಂಜಿನ್ ಇಳಿಸುವ ಮುನ್ನ ಮೂರು ಸಾಕ್ಷಿ ಕೇಳಿ. ಒಂದೊಂದೇ ಸಿಲಿಂಡರಿನ ಇಂಜೆಕ್ಟರ್ ಆಫ್ ಮಾಡಿದಾಗ ಯಾವುದಾದರೂ ಒಂದರಲ್ಲಿ ಸದ್ದು ಗಣನೀಯವಾಗಿ ತಗ್ಗುತ್ತದೆಯೇ? ಆ ಸಿಲಿಂಡರಿನ ಭಾರ ತೆಗೆದಾಗ ತಗ್ಗಿತೆಂದರೆ ಕಳ್ಳ ಅಲ್ಲೇ ಇದ್ದಾನೆ. ಇದನ್ನು ಮೆಕ್ಯಾನಿಕ್ಕೇ ಮಾಡಲಿ, ಡೀಸೆಲ್ ಇಂಜೆಕ್ಟರಿನ ವೈರಿನಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಇರುತ್ತದೆ. ಎರಡನೆಯದು, ಕೆಂಪು ದೀಪ ಹತ್ತಿಸುವ ಆಯಿಲ್ ಸ್ವಿಚ್ ಬಿಚ್ಚಿ ಅಲ್ಲಿಗೆ ಗೇಜ್ ಹಾಕಿ ಅಳೆದ ಒತ್ತಡ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್ಐ ಎಂಬುದು ಹಳೆಯ ಕೈಲೆಕ್ಕ. ಹೊಸ ಎಂಜಿನ್‌ಗಳಿಗೆ ಕಂಪನಿಯ ಸರ್ವಿಸ್ ಮ್ಯಾನುಯಲ್ಲಿನ ಅಂಕಿಯೇ ಪ್ರಮಾಣ. ಬರೇ ಕಂಪ್ರೆಷನ್ ಟೆಸ್ಟ್ ತೋರಿಸಿ ಬೇರಿಂಗ್ ಹೋಗಿದೆ ಎಂದರೆ ಒಪ್ಪಬೇಡಿ, ಆ ಟೆಸ್ಟು ರಿಂಗ್ ಮತ್ತು ವಾಲ್ವುಗಳ ಕಥೆ ಹೇಳುತ್ತದೆ, ಬೇರಿಂಗಿನದಲ್ಲ.

ಮೂರನೆಯದು ಫಿಲ್ಟರ್. ಡಬ್ಬಿ ಫಿಲ್ಟರಾದರೆ ಕಟರ್‌ನಿಂದ ಕೊಯ್ಯಬೇಕು, ಗರಗಸ ಹಾಕಿದರೆ ಅದರದೇ ಪುಡಿ ಬಿದ್ದು ದಾರಿ ತಪ್ಪಿಸುತ್ತದೆ. ಒಳಗಿನ ಕಾಗದದ ನೆರಿಗೆಯನ್ನು ಬಿಡಿಸಿ, ಹಳೇ ಪೇಪರಿನ ಮೇಲೆ ಹರಡಿ ಆಯಿಲ್ ಹಿಂಗಿಸಿ, ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಕಪ್ಪು ಮಸಿ ಇರುವುದು ಸಹಜ. ಮಿನುಗುವ ಚೂರುಗಳು ಕಂಡರೆ ಅಯಸ್ಕಾಂತ ಸವರಿ. ಅಂಟಿಕೊಂಡು ಬಂದರೆ ಕಬ್ಬಿಣ ಜಾತಿಯದು: ಚೈನ್, ರಿಂಗ್, ಕ್ಯಾಮ್. ಅಂಟದೆ ಉಳಿದ ಬಿಳಿ ಅಥವಾ ತಾಮ್ರದ ಬಣ್ಣದ ಹಾಳೆಯಂಥ ಚೂರುಗಳು ಹೆಚ್ಚಾಗಿ ಬೇರಿಂಗಿನವು. ತಾಮ್ರದ ಬಣ್ಣ ಕಂಡಿತೆಂದರೆ ಮೇಲಿನ ಪದರ ಸವೆದು ಒಳಪದರ ಬಂದಿದೆ, ಎಂಜಿನ್ ಇಳಿಸಲೇಬೇಕು. ಸದ್ದು ಎಷ್ಟೇ ಹೆದರಿಸಿದರೂ ನೆರಿಗೆ ಶುಭ್ರವಾಗಿದ್ದರೆ ಇನ್ನೊಮ್ಮೆ ಹೊರಗಿನ ಆರೋಪಿಗಳನ್ನು ವಿಚಾರಿಸಿ.

ಈ ಮಾತುಗಳನ್ನು ಮೆಕ್ಯಾನಿಕ್ ಜೊತೆ ಜಗಳದಂತೆ ಆಡಬೇಕಿಲ್ಲ. ‘ಅಣ್ಣಾ, ಏನು ನೋಡಿ ಚೈನ್ ಅಂತ ಹೇಳಿದ್ರಿ, ನನಗೂ ಒಂಚೂರು ತೋರಿಸ್ತೀರಾ?’ ಎಂದರೆ ಸಾಕು. ಕೆಲಸ ಬಲ್ಲವನು ಖುಷಿಯಿಂದ ಸ್ಕ್ರೂಡ್ರೈವರನ್ನು ನಿಮ್ಮ ಕೈಗೇ ಕೊಡುತ್ತಾನೆ. ‘ಅದೆಲ್ಲ ನಿಮಗೆ ಗೊತ್ತಾಗಲ್ಲ ಸಾರ್’ ಎಂದರೆ ಇನ್ನೊಂದು ಗ್ಯಾರೇಜಿಗೆ ಹೋಗಬಹುದು. ಪರೀಕ್ಷೆಯ ಕೂಲಿಯನ್ನು ಬೇರೆಯಾಗಿಯೇ ಕೊಡುತ್ತೇನೆ ಎಂದು ಮೊದಲೇ ಹೇಳುವುದು ಜಾಣತನ. ಪುಕ್ಕಟೆ ಪರೀಕ್ಷೆ ಮಾಡಿದವರಿಗೆ ಅದರ ದುಡ್ಡು ರಿಪೇರಿಯಲ್ಲೇ ಹುಟ್ಟಬೇಕಲ್ಲ.

ನೆರೆ ನೀರಿನಲ್ಲಿ ನಿಂತ ಕಾರಿನ ವಿಷಯ ಪೂರಾ ಬೇರೆ. ಅಂಡರ್‌ಪಾಸಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ, ಸಿಲಿಂಡರಿಗೆ ನುಗ್ಗಿದ್ದರೆ ರಾಡೇ ಬಾಗುತ್ತದೆ. ಬಾಗಿದ ರಾಡಿನ ಪಿಸ್ಟನ್ ಮೇಲ್ತುದಿ ಮುಟ್ಟುವುದಿಲ್ಲ, ಆ ಸಿಲಿಂಡರಿನ ಕಂಪ್ರೆಷನ್ ಕಡಿಮೆ ಬರುತ್ತದೆ. ಇಲ್ಲಿ ಆ ಟೆಸ್ಟಿಗೂ ಬೆಲೆಯಿದೆ. ನೀರಿನಲ್ಲಿ ಸ್ಟಾರ್ಟ್ ಮಾಡಿ ಹಾಳಾದ ಎಂಜಿನ್ನಿಗೆ ಸಾಮಾನ್ಯ ಇನ್ಶೂರೆನ್ಸ್ ಹಣ ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಎಂಬ ಪ್ರತ್ಯೇಕ ಕವರ್ ಬೇಕು. ಪಾಲಿಸಿಯಲ್ಲಿ ಅದು ಇದೆಯೇ ಎಂದು ಮಳೆಗಾಲಕ್ಕೆ ಮುಂಚೆಯೇ ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಬೆಳಗಿನ ಪರೀಕ್ಷೆ ಬಿಡಬೇಡಿ. ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನಿಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಸದ್ದು ಕಳೆದಿದ್ದಾರೆ, ಇನ್ನೊಂದು ದಿನ ಹೇಳದೆ ಹೋಗಿ.

ಇಷ್ಟೆಲ್ಲ ಆಗಿಯೂ ಚೈನ್ ಬದಲಿಸಲೇಬೇಕಾಯಿತು ಎನ್ನಿ. ಚೈನ್ ಒಂದೇ ಬೇಡ, ಟೆನ್ಷನರ್, ಗೈಡ್, ಹಲ್ಲುಚಕ್ರ ಸಮೇತ ಪೂರ್ತಿ ಕಿಟ್ ಹಾಕಿಸಿ. ಕೂಲಿ ಹೇಗೂ ಒಂದೇ. ಹಳೆಯ ಬಿಡಿಭಾಗಗಳು ವಾಪಸ್ ಬೇಕೆಂದು ಕಾರು ಬಿಡುವಾಗಲೇ ಹೇಳಿರಿ. ಬಿಲ್ ಕೊಡುವ ಮುನ್ನ, ಸಾಧ್ಯವಾದರೆ ಜೋಡಿಸುವ ಮುನ್ನವೇ, ಹಳೆಯ ಚೈನ್ ಮತ್ತು ಹೊಸದನ್ನು ಒಂದೇ ಮೊಳೆಗೆ ತೂಗುಹಾಕಿಸಿ. ಸವೆದ ಚೈನು ಕೆಳತುದಿಯಲ್ಲಿ ಹೊಸದಕ್ಕಿಂತ ಕೆಳಗೆ ಇಳಿದಿರುತ್ತದೆ. ಎರಡೂ ಸರಿಸಮ ನಿಂತಿದ್ದರೆ ಟೆನ್ಷನರನ್ನು ಕೈಯಲ್ಲಿ ಒತ್ತಿ ತೋರಿಸಲು ಹೇಳಿ. ಅದೂ ಗಟ್ಟಿಯಾಗಿದ್ದರೆ ಗೈಡಿನ ಪ್ಲಾಸ್ಟಿಕ್ ನೋಡಿ, ಸವೆದಿದ್ದರೆ ಚೈನು ಕೊರೆದ ಎರಡು ಗೀರು ಕಾಣುತ್ತವೆ.